ಪೋಲಿಷ್ ಪಿಯಾನೊ ಕನ್ಚೆರ್ಟೊಗಳು: ಪ್ರಸಿದ್ಧ ಮತ್ತು ಉಪೇಕ್ಷಿತ ಕೃತಿಗಳ ಜೋಡಿ ಅಧ್ಯಯನ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಪೋಲೆಂಡ್ ಎಂದೊಡನೆ ನೆನಪಿಗೆ ಬರುವ ಹೆಸರು ಫ್ರೆಡೆರಿಕ್ ಶೊಪೆನ್‌ನದು (1810–1849). ಪಿಯಾನೊ ಕನ್ಚೆರ್ಟೊ ಎಂಬ ಪ್ರಕಾರದ ಮಟ್ಟಿಗಂತೂ ಆತನ ಎರಡು ಕೃತಿಗಳೇ ಆ ನಾಡಿನ ಇಡೀ ಹತ್ತೊಂಬತ್ತನೆಯ ಶತಮಾನವನ್ನು ಪ್ರತಿನಿಧಿಸುತ್ತ ಬಂದಿವೆ. ಆದರೆ ಇಗ್ನಾತ್ಸಿ ಫೆಲಿಕ್ಸ್ ದೊಬ್ಜಿನ್‌ಸ್ಕಿ, ಯೂಜೆಫ್ ಕ್ರೊಗುಲ್‌ಸ್ಕಿ, ಅಲೆಕ್ಸಾಂದೆರ್ ಜಾಝಿತ್‌ಸ್ಕಿ, ವ್ವಾದಿಸ್ವಾಫ್ ಝೆಲೆನ್‌ಸ್ಕಿ, ಮೋರಿಟ್ಸ್ ಮೊಶ್ಕೊವ್‌ಸ್ಕಿ, ಇಗ್ನಾತ್ಸಿ ಯಾನ್ ಪಾದೆರೆವ್‌ಸ್ಕಿ, ಹೆನ್ರಿಕ್ ಮೆಲ್ತ್ಸೆರ್, ಜಿಗ್ಮುಂತ್ ಸ್ತೊಯೊವ್‌ಸ್ಕಿ ಮೊದಲಾದವರೂ ಅದೇ ಶತಮಾನದಲ್ಲಿ ಮತ್ತು ಅದರ ಅಂಚಿನಲ್ಲಿ ಈ ಪ್ರಕಾರದಲ್ಲಿ ಕೃಷಿ ಮಾಡಿದ್ದಾರೆ. ಸಂಗೀತ ಚರಿತ್ರೆಯ ಸಾಮಾನ್ಯ ಗ್ರಂಥಗಳಲ್ಲಿ ಇವರ ಕನ್ಚೆರ್ಟೊಗಳಿಗೆ ದೊರೆತಿರುವ ಸ್ಥಳ ಒಂದು ಅಡಿಟಿಪ್ಪಣಿಗಿಂತ ಹೆಚ್ಚಿನದಲ್ಲ.

ಪ್ರಸಿದ್ಧವಾದ ಒಂದು ಕೃತಿಯ ಜೊತೆಗೆ ಉಪೇಕ್ಷಿತವಾದ ಒಂದನ್ನು ಕಛೇರಿಯಲ್ಲಿಯೋ ಧ್ವನಿಮುದ್ರಿಕೆಯಲ್ಲಿಯೋ ಇರಿಸುವ ಪದ್ಧತಿ ಈಚಿನ ದಶಕಗಳಲ್ಲಿ ಬೆಳೆದಿದೆ. ಮೊದಲನೆಯದು ಕೇಳುಗರನ್ನು ಕರೆತರುತ್ತದೆ, ಅವರು ಬಂದ ಮೇಲೆ ಎರಡನೆಯದನ್ನೂ ಕೇಳುತ್ತಾರೆ ಎಂಬುದು ವ್ಯವಸ್ಥಾಪಕರ ಲೆಕ್ಕಾಚಾರ. ಈ ಲೆಕ್ಕಾಚಾರದಾಚೆಗೆ ಜೋಡಣೆಗೆ ಸಂಶೋಧನೆಯ ದೃಷ್ಟಿಯಿಂದ ಏನಾದರೂ ಮೌಲ್ಯವಿದೆಯೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಇದೆ ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಜೋಡಿಯನ್ನು ಹೇಗೆ ಆರಿಸುತ್ತೇವೆ ಎಂಬುದನ್ನು ಅವಲಂಬಿಸಿದೆ. ತಪ್ಪು ಜೋಡಣೆಯು ಉಪೇಕ್ಷಿತ ಕೃತಿಗೆ ಉಪೇಕ್ಷೆಗಿಂತ ಹೆಚ್ಚಿನ ಹಾನಿಯನ್ನುಂಟುಮಾಡಬಲ್ಲದು.

ಕನ್ಚೆರ್ಟೊ ಎಂದರೆ ಏಕವಾದ್ಯವೊಂದು ಪೂರ್ಣ ವಾದ್ಯವೃಂದದೊಡನೆ ನಡೆಸುವ ಸಂವಾದ. ಸಾಮಾನ್ಯವಾಗಿ ಅದರಲ್ಲಿ ಮೂರು ಚಲನಗಳಿರುತ್ತವೆ: ವಿಸ್ತಾರವಾದ ಮೊದಲನೆಯದು, ವಿಳಂಬ ಗತಿಯ ಎರಡನೆಯದು, ಚುರುಕಾದ ಮೂರನೆಯದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇದು ಯುವ ಪಿಯಾನೊ ವಾದಕನು ತನ್ನನ್ನು ಲೋಕಕ್ಕೆ ಪರಿಚಯಿಸಿಕೊಳ್ಳುವ ಸಾಧನವಾಗಿತ್ತು. ವಾದಕನೇ ರಚನಕಾರ, ರಚನಕಾರನೇ ವಾದಕ. ಈ ಒಂದು ಸಂಗತಿಯನ್ನು ಮರೆತರೆ ಮುಂದಿನ ಚರ್ಚೆ ಅರ್ಥವಾಗದು.

ಪೋಲಿಷ್ ಎಂದರೆ ಯಾರು?

1772, 1793 ಮತ್ತು 1795ರಲ್ಲಿ ರಷ್ಯಾ, ಪ್ರಷ್ಯಾ ಮತ್ತು ಆಸ್ಟ್ರಿಯಾಗಳು ಪೋಲೆಂಡನ್ನು ಮೂರು ಬಾರಿ ಹಂಚಿಕೊಂಡವು. ಅಲ್ಲಿಂದ 1918ರವರೆಗೆ ಸ್ವತಂತ್ರ ಪೋಲಿಷ್ ರಾಜ್ಯವಿರಲಿಲ್ಲ. ಆದುದರಿಂದ ಇಲ್ಲಿ ಚರ್ಚಿಸುವ ಸಂಗೀತಕಾರರೆಲ್ಲ ಬೇರೆಬೇರೆ ಸಾಮ್ರಾಜ್ಯಗಳ ಪ್ರಜೆಗಳು. ಜಾಝಿತ್‌ಸ್ಕಿ ಹುಟ್ಟಿದ್ದು ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಲ್ವೂಫ್ ನಗರದಲ್ಲಿ. ಮೊಶ್ಕೊವ್‌ಸ್ಕಿ ಪ್ರಷ್ಯಾದ ಬ್ರೆಸ್ಲೌ ನಗರದ ಪೋಲಿಷ್-ಯಹೂದಿ ಮನೆತನದವನು. ಆ ನಗರ ಇಂದು ಪೋಲೆಂಡಿನ ವ್ರೊತ್ಸ್ವಾಫ್. ನಾಲ್ಕು ಪಿಯಾನೊ ಕನ್ಚೆರ್ಟೊಗಳನ್ನು ಬರೆದ ಕ್ಸಾವೆರ್ ಶಾರ್ವೆಂಕಾ (1850–1924) ಪೋಜ್ನಾನ್ ಪ್ರಾಂತದ ಶಾಮೊತುವಿಯವನು, ಬದುಕಿದ್ದು ಬರ್ಲಿನ್ನಿನಲ್ಲಿ. ಆತನನ್ನು ಪೋಲಿಷ್-ಜರ್ಮನ್ ಎಂದು ಜೋಡುಹೆಸರಿನಿಂದ ಕರೆಯುವುದು ರೂಢಿ. ಜರ್ಮನ್ ಚರಿತ್ರೆಕಾರರಿಗೆ ಇಂಥವರು ಪೋಲಿಷರು, ಪೋಲಿಷ್ ಚರಿತ್ರೆಕಾರರಿಗೆ ಬರ್ಲಿನ್ನಿನವರು. ಎರಡೂ ಮನೆಯವರು ಅತಿಥಿಯೆಂದು ಭಾವಿಸಿದವನಿಗೆ ಎರಡೂ ಕಡೆ ಎಲೆ ಹಾಕಲಿಲ್ಲ. ಉಪೇಕ್ಷೆಯ ಕಾರಣಗಳಲ್ಲಿ ಇದೂ ಒಂದು; ಇದಕ್ಕೂ ಕೃತಿಯ ಗುಣಕ್ಕೂ ಸಂಬಂಧವಿಲ್ಲ.

ವಾರ್ಸಾ, 1824–1832

ಶೊಪೆನ್ ತನ್ನ ಎಫ್ ಮೈನರ್ ಕನ್ಚೆರ್ಟೊವನ್ನು 1830ರ ಮಾರ್ಚ್ 17ರಂದು ವಾರ್ಸಾದ ರಾಷ್ಟ್ರೀಯ ರಂಗಮಂದಿರದಲ್ಲಿ ನುಡಿಸಿದನು. ವಾದ್ಯವೃಂದವನ್ನು ನಿರ್ದೇಶಿಸಿದವನು ಕರೋಲ್ ಕುರ್ಪಿನ್‌ಸ್ಕಿ. ಅಂದಿನ ರೂಢಿಯಂತೆ ಮೊದಲನೆಯ ಚಲನಕ್ಕೂ ಉಳಿದ ಎರಡಕ್ಕೂ ನಡುವೆ ಬೇರೊಬ್ಬನ ಕೊಂಬುವಾದ್ಯದ ಲಘುರಚನೆಯೊಂದನ್ನು ನುಡಿಸಲಾಯಿತು. ಶೊಪೆನ್‌ನ ಪಿಯಾನೊದ ನಾದ ಕ್ಷೀಣವಾಗಿತ್ತೆಂಬ ದೂರು ಬಂದುದರಿಂದ ಮಾರ್ಚ್ 22ರ ಎರಡನೆಯ ಕಛೇರಿಗೆ ಹೆಚ್ಚು ನಾದವುಳ್ಳ ವಿಯೆನ್ನಾದ ಪಿಯಾನೊವೊಂದನ್ನು ತರಿಸಬೇಕಾಯಿತು. ಇ ಮೈನರ್ ಕನ್ಚೆರ್ಟೊ ಅದೇ ವರ್ಷದ ಅಕ್ಟೋಬರ್ 11ರಂದು ಅದೇ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡಿತು. ನವೆಂಬರ್ 2ರಂದು ಶೊಪೆನ್ ವಾರ್ಸಾವನ್ನು ಬಿಟ್ಟನು; ಆ ತಿಂಗಳ 29ರಂದು ರಷ್ಯದ ವಿರುದ್ಧ ದಂಗೆ ಆರಂಭವಾಯಿತು. ಆತನು ಮತ್ತೆ ತಾಯ್ನಾಡಿಗೆ ಹಿಂದಿರುಗಲಿಲ್ಲ. ಇ ಮೈನರ್ ಕೃತಿ 1833ರಲ್ಲಿಯೂ ಎಫ್ ಮೈನರ್ ಕೃತಿ 1836ರಲ್ಲಿಯೂ ಮುದ್ರಣಗೊಂಡವು. ಹೀಗಾಗಿ ಹಿಂದೆ ಬರೆದದ್ದು ಎರಡನೆಯದೆಂದೂ ಆಮೇಲೆ ಬರೆದದ್ದು ಮೊದಲನೆಯದೆಂದೂ ಸಂಖ್ಯೆ ಪಡೆದವು.

ಈ ಎರಡು ಕೃತಿಗಳ ಪಕ್ಕದಲ್ಲಿ ಇರಿಸಲು ತಕ್ಕದ್ದು ದೊಬ್ಜಿನ್‌ಸ್ಕಿಯ (1807–1867) ಎ ಫ್ಲಾಟ್ ಮೇಜರ್ ಕನ್ಚೆರ್ಟೊ. ದೊಬ್ಜಿನ್‌ಸ್ಕಿ ವೊಲಿನಿಯಾ ಪ್ರಾಂತದವನು. 1825ರಲ್ಲಿ ವಾರ್ಸಾಕ್ಕೆ ಬಂದು ಯೂಜೆಫ್ ಎಲ್ಸ್‌ನರ್‌ನಲ್ಲಿ ಶೊಪೆನ್‌ನ ಸಹಪಾಠಿಯಾಗಿ ಕಲಿತನು. ಆದರೆ ಎರಡನೆಯ ಕೃತಿಸಂಖ್ಯೆ ಪಡೆದಿರುವ ಈ ಕನ್ಚೆರ್ಟೊ 1824ರದು, ಎಂದರೆ ಹದಿನೇಳರ ಹರೆಯದಲ್ಲಿ, ವಾರ್ಸಾಕ್ಕೆ ಬರುವುದಕ್ಕೂ ಮೊದಲು ರಚಿಸಿದ್ದು. ಈ ಕಾಲಾನುಕ್ರಮವೇ ನಮ್ಮ ಅಧ್ಯಯನಕ್ಕೆ ಬೆಲೆಬಾಳುವ ಸಾಕ್ಷ್ಯ. ಕೃತಿಯನ್ನು ಮೊದಲ ಬಾರಿ ಕೇಳಿದವರಿಗೆ ಬಲಗೈಯ ಸಾಲಂಕೃತ ಓಟ, ಹಾಡಿನಂತಹ ಎರಡನೆಯ ವಸ್ತು, ವಾದ್ಯವೃಂದ ಹಿಂದೆ ಸರಿದು ಪಿಯಾನೊಗೆ ದಾರಿ ಬಿಡುವ ರೀತಿ ಇವೆಲ್ಲ ಕಿವಿಗೆ ಬಿದ್ದೊಡನೆ ‘ಶೊಪೆನ್‌ನ ಅನುಕರಣೆ’ ಎಂಬ ತೀರ್ಮಾನ ತಾನಾಗಿ ಹುಟ್ಟುತ್ತದೆ. ಆದರೆ ಐದು ವರ್ಷ ಮೊದಲು ಬರೆದ ಕೃತಿ ಆಮೇಲಿನದನ್ನು ಅನುಕರಿಸುವುದು ಸಾಧ್ಯವಿಲ್ಲ. ನಾವು ಶೊಪೆನ್‌ನ ಖಾಸಗಿ ಆಸ್ತಿಯೆಂದು ಭಾವಿಸಿದ ಹಲವು ಲಕ್ಷಣಗಳು ಅಂದಿನ ಎಲ್ಲ ವಾದಕ-ರಚನಕಾರರ ಸಮಾನ ಸೊತ್ತಾಗಿದ್ದವು ಎಂಬುದೇ ಇದರಿಂದ ಹೊರಡುವ ಅರ್ಥ.

ಆ ಸಮಾನ ಸೊತ್ತಿನ ಮೂಲ ಯೊಹಾನ್ ನೆಪೊಮುಕ್ ಹುಮ್ಮೆಲ್, ಜಾನ್ ಫೀಲ್ಡ್, ಕಾಲ್ಕ್‌ಬ್ರೆನರ್ ಮೊದಲಾದವರ ‘ಉಜ್ಜ್ವಲ ಶೈಲಿ’. ಹುಮ್ಮೆಲ್ ಸ್ವತಃ 1828ರಲ್ಲಿ ವಾರ್ಸಾಕ್ಕೆ ಬಂದು ನುಡಿಸಿದ್ದನು. ಶೊಪೆನ್ ತನ್ನ ಇ ಮೈನರ್ ಕನ್ಚೆರ್ಟೊವನ್ನು ಅರ್ಪಿಸಿದ್ದು ಕಾಲ್ಕ್‌ಬ್ರೆನರ್‌ನಿಗೆ. ಎಲ್ಸ್‌ನರ್‌ನ ಮತ್ತೊಬ್ಬ ಶಿಷ್ಯ ಕ್ರೊಗುಲ್‌ಸ್ಕಿ (1815–1842) ಇದೇ ಶೈಲಿಯಲ್ಲಿ 1830ರಲ್ಲಿ ಇ ಮೇಜರ್ ಕನ್ಚೆರ್ಟೊವನ್ನೂ 1832ರಲ್ಲಿ ಬಿ ಮೈನರ್ ಕನ್ಚೆರ್ಟೊವನ್ನೂ ರಚಿಸಿದನು. ಆಗ ಅವನ ವಯಸ್ಸು ಹದಿನೈದು ಮತ್ತು ಹದಿನೇಳು. ಒಂದೇ ಊರು, ಒಬ್ಬನೇ ಗುರು, ಎಂಟು ವರ್ಷಗಳ ಅವಧಿ: ಹೋಲಿಕೆಗೆ ಇದಕ್ಕಿಂತ ನಿಯಂತ್ರಿತವಾದ ಸನ್ನಿವೇಶ ಸಂಗೀತ ಚರಿತ್ರೆಯಲ್ಲಿ ಸುಲಭವಾಗಿ ದೊರೆಯದು.

ಸಮಾನವಾದುದನ್ನು ಹೀಗೆ ಕಳೆದ ಮೇಲೆ ಶೊಪೆನ್‌ನಲ್ಲಿ ಉಳಿಯುವುದೇನು? ಎಫ್ ಮೈನರ್ ಕೃತಿಯ ಎರಡನೆಯ ಚಲನದ ನಡುಭಾಗವನ್ನು ಗಮನಿಸಬೇಕು. ಅಲ್ಲಿ ತಂತಿವಾದ್ಯಗಳು ಒಂದೇ ಸಮನೆ ಕಂಪಿಸುತ್ತಿರುವಾಗ ಪಿಯಾನೊದ ಎರಡೂ ಕೈಗಳು ಸ್ವರಾಷ್ಟಕದ ಅಂತರದಲ್ಲಿ ಒಂದೇ ಸಾಲನ್ನು ನುಡಿಸುತ್ತವೆ. ಅದು ರಾಗಬದ್ಧ ಹಾಡಲ್ಲ, ಗೀತನಾಟಕದ ಪಾತ್ರವೊಂದು ಮಾತನಾಡಿದಂತಿರುವ ಸಂಭಾಷಣೆ. ಅಲಂಕಾರಕ್ಕೆಂದೇ ಇದ್ದ ವಾದ್ಯಕ್ಕೆ ಇಲ್ಲಿ ಮಾತು ಬಂದಿದೆ. ಅದೇ ಕೃತಿಯ ಮೂರನೆಯ ಚಲನದಲ್ಲಿ ಪಿಟೀಲುಗಾರರು ಕಮಾನಿನ ಕಡ್ಡಿಯಿಂದ ತಂತಿಯನ್ನು ತಟ್ಟುವ ಮಜುರ್ಕಾ ಲಯದ ಪ್ರಸಂಗ, ಕೊನೆಗೆ ಒಂಟಿ ಕೊಂಬಿನ ಕರೆ ಇವೂ ಇವೆ. ಇ ಮೈನರ್ ಕೃತಿಯ ಮೊದಲ ಚಲನದ ಸ್ವರಸ್ಥಾಯಿಗಳ ಯೋಜನೆ ವಿಲಕ್ಷಣವಾದುದು. ಎರಡನೆಯ ವಸ್ತು ಮೊದಲು ಬರುವಾಗ ಮೂಲ ಷಡ್ಜವನ್ನು ಬಿಡದೆ ಮೇಜರ್‌ಗೆ ತಿರುಗುತ್ತದೆ. ಹಿಂದಿರುಗುವಾಗ, ಮನೆಗೆ ಬರಬೇಕಾದಲ್ಲಿ, ಜಿ ಮೇಜರ್‌ಗೆ ಹೊರಟುಹೋಗುತ್ತದೆ. ಇದನ್ನು ಎಲ್ಸ್‌ನರ್‌ನ ಶಾಲೆಯ ದೋಷವೆಂದು ಹಲವರು ಎಣಿಸಿದ್ದಾರೆ. ದೋಷವಿರಬಹುದು, ಆದರೆ ಅದರ ಪರಿಣಾಮ ಅಪೂರ್ವ. ಇವನ್ನೆಲ್ಲ ದೊಬ್ಜಿನ್‌ಸ್ಕಿಯನ್ನು ಕೇಳಿದ ಮರುಗಳಿಗೆಯಲ್ಲಿ ಕೇಳಿದಾಗ ನಮ್ಮ ಕಿವಿ ಹೊಸದಾಗಿ ಎಚ್ಚರಗೊಳ್ಳುತ್ತದೆ. ಜೋಡಣೆಯಿಂದ ಇಲ್ಲಿ ಹೆಚ್ಚು ಲಾಭ ಪಡೆದವನು ಪ್ರಸಿದ್ಧನೇ ಎಂಬುದನ್ನು ಒಪ್ಪಿಕೊಳ್ಳಬೇಕು.

ದೊಬ್ಜಿನ್‌ಸ್ಕಿಗೆ ದೊರೆಯುವುದೇನು? ಅವನ ಕೃತಿ ಹಸ್ತಪ್ರತಿಯಾಗಿಯೇ ಉಳಿಯಿತು. ಶೊಪೆನ್‌ನ ಕನ್ಚೆರ್ಟೊಗಳಿಗೆ ಲೈಪ್‌ಜಿಗ್, ಪ್ಯಾರಿಸ್, ಲಂಡನ್‌ಗಳಲ್ಲಿ ಪ್ರಕಾಶಕರಿದ್ದರು. 1835ರ ಬಳಿಕ ಶೊಪೆನ್ ವಾದ್ಯವೃಂದದೊಡನೆ ನುಡಿಸಿದ್ದು ತೀರ ಅಪರೂಪ. 1838ರಲ್ಲಿ ರೂಆಂ ನಗರದಲ್ಲಿ ಹಳೆಯ ಸಹಪಾಠಿಯೊಬ್ಬನ ಸಹಾಯಾರ್ಥವಾಗಿ ಇ ಮೈನರ್ ಕೃತಿಯನ್ನು ನುಡಿಸಿದ್ದು ಅಂಥ ಒಂದು ಸಂದರ್ಭ. ಆದರೂ ಕೃತಿಗಳು ನಿಲ್ಲಲಿಲ್ಲ. ಅಚ್ಚಾದ ಪ್ರತಿ ಕೈಯಲ್ಲಿದ್ದುದರಿಂದ ಇತರ ವಾದಕರು ಅವನ್ನು ನುಡಿಸಿದರು, ಪ್ಯಾರಿಸ್ಸಿನ ಶಿಷ್ಯರು ಅವನ್ನು ಗುರುವಿನಿಂದಲೇ ಕಲಿತರು. ಬಾಲಪ್ರತಿಭೆ ಕಾರ್ಲ್ ಫಿಲ್ಚ್ ಇ ಮೈನರ್ ಕೃತಿಯನ್ನು ನುಡಿಸುವಾಗ ಎರಡನೆಯ ಪಿಯಾನೊದಲ್ಲಿ ಶೊಪೆನ್‌ನೇ ವಾದ್ಯವೃಂದದ ಭಾಗವನ್ನು ನುಡಿಸಿದ್ದನು. ಮುದ್ರಣ ಮತ್ತು ಶಿಷ್ಯಪರಂಪರೆ ಎಂಬ ಎರಡು ಆಸರೆಗಳು ಶೊಪೆನ್‌ನ ಕನ್ಚೆರ್ಟೊಗಳಿಗಿದ್ದವು. ದೊಬ್ಜಿನ್‌ಸ್ಕಿಯ ಈ ಕೃತಿಗೆ ಮೊದಲನೆಯದೇ ಇರಲಿಲ್ಲ. ಮುದ್ರಣವಾಗದ ಕೃತಿಯನ್ನು ಕಾಲ ಪರೀಕ್ಷಿಸಿ ತಿರಸ್ಕರಿಸಿತು ಎನ್ನುವುದು ಸರಿಯಲ್ಲ. ಕಾಲ ಅದನ್ನು ಪರೀಕ್ಷೆಗೇ ತೆಗೆದುಕೊಳ್ಳಲಿಲ್ಲ.

ಮತ್ತೊಂದು ವಿಷಯ. ಶೊಪೆನ್‌ನ ವಾದ್ಯವೃಂದ ಲೇಖನ ದುರ್ಬಲ ಎಂಬ ಆಕ್ಷೇಪ ಹಳೆಯದು. ಅದಕ್ಕೆ ಪರಿಹಾರವಾಗಿ ಕಾರ್ಲ್ ತೌಸಿಗ್ ಇ ಮೈನರ್ ಕೃತಿಯನ್ನೂ ಕಾರ್ಲ್ ಕ್ಲಿಂಟ್‌ವರ್ತ್ ಎಫ್ ಮೈನರ್ ಕೃತಿಯನ್ನೂ ವಾದ್ಯವೃಂದಕ್ಕೆ ಹೊಸದಾಗಿ ಅಳವಡಿಸಿದರು. ರಷ್ಯದ ಬಲಾಕಿರೆವ್ ಕೂಡ ಇ ಮೈನರ್ ಕೃತಿಯ ಮೇಲೆ ಕೈಯಾಡಿಸಿದನು. ಇಂದು ಈ ತಿದ್ದುಪಡಿಗಳನ್ನು ಯಾರೂ ಹೆಚ್ಚಾಗಿ ಬಳಸುವುದಿಲ್ಲ. ಆದರೆ ಒಂದು ನ್ಯಾಯವನ್ನು ಇಲ್ಲಿ ಗುರುತಿಸಬಹುದು: ಪ್ರಸಿದ್ಧ ಕೃತಿಯಲ್ಲಿ ದೋಷ ಕಂಡರೆ ಅದನ್ನು ರಿಪೇರಿ ಮಾಡುತ್ತಾರೆ, ಉಪೇಕ್ಷಿತ ಕೃತಿಯಲ್ಲಿ ಅದೇ ದೋಷ ಕಂಡರೆ ಕೃತಿಯನ್ನೇ ಕೈಬಿಡುತ್ತಾರೆ.

ಪಾದೆರೆವ್‌ಸ್ಕಿ ಮತ್ತು ಮೊಶ್ಕೊವ್‌ಸ್ಕಿ

ಮೇಲಿನ ಜೋಡಿಯಲ್ಲಿ ಪ್ರಸಿದ್ಧಿಯೂ ಉಪೇಕ್ಷೆಯೂ ಸ್ಥಿರವಾದ ಗುಣಗಳಂತೆ ಕಾಣುತ್ತವೆ. ಶತಮಾನದ ಕೊನೆಯ ಜೋಡಿಯೊಂದು ಈ ಭ್ರಮೆಯನ್ನು ಕಳೆಯುತ್ತದೆ. ಪಾದೆರೆವ್‌ಸ್ಕಿ (1860–1941) ತನ್ನ ಎ ಮೈನರ್ ಕನ್ಚೆರ್ಟೊವನ್ನು 1888ರಲ್ಲಿ ಬರೆದನು. ಅದನ್ನು ಅರ್ಪಿಸಿದ್ದು ಗುರು ತೇಯೊಡೋರ್ ಲೆಶೆಟಿಟ್ಸ್ಕಿಗೆ. 1889ರಲ್ಲಿ ವಿಯೆನ್ನಾದಲ್ಲಿ ಹಾನ್ಸ್ ರಿಕ್ಟರ್‌ನ ನಿರ್ದೇಶನದಲ್ಲಿ ಅದನ್ನು ಮೊದಲು ನುಡಿಸಿದವಳು ಗುರುಪತ್ನಿ ಅನ್ನಾ ಎಸಿಪೊವಾ. 1891ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ತನ್ನ ಮೊದಲ ಕಛೇರಿಯಲ್ಲಿಯೇ ಪಾದೆರೆವ್‌ಸ್ಕಿ ಈ ಕೃತಿಯನ್ನು ಇರಿಸಿದ್ದನು. ಆ ಕಾಲದ ಜಗತ್ತಿನಲ್ಲಿ ಆತನಷ್ಟು ಹೆಸರುವಾಸಿಯಾದ ಪಿಯಾನೊ ವಾದಕ ಇನ್ನೊಬ್ಬನಿರಲಿಲ್ಲ. 1919ರಲ್ಲಿ ಆತನು ಮರುಹುಟ್ಟು ಪಡೆದ ಪೋಲೆಂಡಿನ ಪ್ರಧಾನಿಯಾಗಿ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕಿದನು. ಕೀರ್ತಿ ಎಂಬುದು ಕೃತಿಯನ್ನು ಉಳಿಸುವುದಾದರೆ ಈ ಕನ್ಚೆರ್ಟೊಗೆ ಮರಣವೇ ಇರಬಾರದಿತ್ತು. ಆದರೆ ವ್ಯಕ್ತಿಯ ಕೀರ್ತಿ ದೊಡ್ಡದಾದಷ್ಟೂ ಕೃತಿ ಅವನ ಕೈಯ ಚಮತ್ಕಾರದ ಒಂದು ಅಂಗವೆಂದು ತೋರುತ್ತ ಹೋಯಿತು. ಕೈ ಹಿಂದೆ ಸರಿದಾಗ ಕೃತಿಯೂ ಹಿಂದೆ ಸರಿಯಿತು. 1970ರಲ್ಲಿ ಅಮೆರಿಕದ ಅರ್ಲ್ ವೈಲ್ಡ್ ಅದನ್ನು ಲಂಡನ್ ಸಿಂಫೊನಿ ವಾದ್ಯವೃಂದದೊಡನೆ ಧ್ವನಿಮುದ್ರಿಸುವ ವೇಳೆಗೆ ಅದು ಅಪರೂಪದ ವಸ್ತುವಾಗಿತ್ತು.

ಮೊಶ್ಕೊವ್‌ಸ್ಕಿಯ (1854–1925) ಇ ಮೇಜರ್ ಕನ್ಚೆರ್ಟೊ 1898ರದು; ಪೋಲಿಷ್ ವಾದಕ ಯೂಜೆಫ್ ಹಾಫ್‌ಮನ್‌ಗೆ ಅರ್ಪಿತವಾದುದು. ನಾಲ್ಕು ಚಲನಗಳ ಈ ಕೃತಿಯ ಮೂರನೆಯದಾದ ಸ್ಕೆರ್ಟ್ಸೊ ಲಘುತ್ವದಲ್ಲಿ ಅಸಮಾನವಾದುದು ಎಂದು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಪಾದೆರೆವ್‌ಸ್ಕಿಯ ಕೃತಿಯಲ್ಲಿ ಮಧ್ಯದ ರೊಮಾಂತ್ಸಾ ಹೃದಯಸ್ಪರ್ಶಿ, ಕೊನೆಯ ಚಲನದಲ್ಲಿ ಕ್ರಾಕುಫ್ ಸೀಮೆಯ ಕ್ರಾಕೊವ್ಯಾಕ್ ಕುಣಿತದ ಲಯವಿದೆ. ಅವನು ತಾನು ಪೋಲಿಷನೆಂದು ಪ್ರತಿ ಪುಟದಲ್ಲೂ ಹೇಳುತ್ತಾನೆ. ಮೊಶ್ಕೊವ್‌ಸ್ಕಿ ಹೇಳುವುದಿಲ್ಲ. ಜಾನಪದ ಲಯವೇ ರಾಷ್ಟ್ರೀಯತೆಯ ಗುರುತು ಎಂದು ನಂಬಿದ ಚರಿತ್ರೆಕಾರರಿಗೆ ಇಂಥ ಕೃತಿಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎರಡನ್ನೂ ಒಟ್ಟಿಗೆ ಕೇಳಿದಾಗ ‘ಪೋಲಿಷ್ ಕನ್ಚೆರ್ಟೊ’ ಎಂಬ ನಮ್ಮ ಕಲ್ಪನೆಯೇ ಶೊಪೆನ್‌ನ ಮಜುರ್ಕಾದಿಂದ ಎಷ್ಟು ಕಟ್ಟುಪಟ್ಟಿದೆ ಎಂಬುದು ಗೊತ್ತಾಗುತ್ತದೆ.

ಈ ಎರಡು ಕೃತಿಗಳನ್ನು ಒಂದೇ ಮುದ್ರಿಕೆಯಲ್ಲಿ ತಂದದ್ದು ಇಂಗ್ಲೆಂಡಿನ ಹೈಪೀರಿಯನ್ ಸಂಸ್ಥೆ, 1991ರಲ್ಲಿ. ರೊಮ್ಯಾಂಟಿಕ್ ಪಿಯಾನೊ ಕನ್ಚೆರ್ಟೊಗಳಿಗೇ ಮೀಸಲಾದ, ಈಗ ಎಂಬತ್ತಕ್ಕೂ ಹೆಚ್ಚು ಸಂಪುಟಗಳಾಗಿರುವ ಮಾಲಿಕೆಯ ಮೊದಲನೆಯ ಸಂಪುಟ ಅದು. ನುಡಿಸಿದವನು ಪಿಯರ್ಸ್ ಲೇನ್, ನಿರ್ದೇಶಕ ಪೋಲೆಂಡಿನ ಯೆಜಿ ಮಾಕ್ಸಿಮ್ಯುಕ್, ವಾದ್ಯವೃಂದ ಬಿ.ಬಿ.ಸಿ. ಸ್ಕಾಟಿಷ್ ಸಿಂಫೊನಿ. ಮರೆತ ಕನ್ಚೆರ್ಟೊಗಳ ಇಷ್ಟು ದೊಡ್ಡ ಮಾಲೆ ಎರಡು ಪೋಲಿಷ್ ಕೃತಿಗಳಿಂದ ಆರಂಭವಾದುದು ಗಮನಾರ್ಹ. ಅಲ್ಲಿ ಶೊಪೆನ್ ಇಲ್ಲ ಎಂಬುದು ಇನ್ನೂ ಗಮನಾರ್ಹ. ಹಿಂದೊಮ್ಮೆ ಪ್ರಸಿದ್ಧವಾಗಿದ್ದು ಈಗ ಮಸುಕಾದ ಎರಡನ್ನು ಸರಿಸಮನಾಗಿ ಇರಿಸಿದ ಆ ಜೋಡಣೆಯಲ್ಲಿ ಯಾವುದೂ ಇನ್ನೊಂದರ ನೆರಳಾಗಲಿಲ್ಲ.

ಮೊಶ್ಕೊವ್‌ಸ್ಕಿಯ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಆತನು ಇಪ್ಪತ್ತರ ಹರೆಯದಲ್ಲಿ, 1874ರಲ್ಲಿ, ಬಿ ಮೈನರ್‌ನಲ್ಲಿ ಒಂದು ಕನ್ಚೆರ್ಟೊವನ್ನು ಬರೆದಿದ್ದನು. ಮಿತ್ರನೊಬ್ಬನಿಗೆ ಬರೆದ ಪತ್ರದಲ್ಲಿ ಅದನ್ನು ತಾನೇ ಹಾಸ್ಯ ಮಾಡಿದ್ದಾನೆ: ಅದು ನಿಷ್ಪ್ರಯೋಜಕವಾದುದರಿಂದಲೂ, ಬೇರೆ ಒಳ್ಳೆಯ ಕೃತಿಗಳನ್ನು ಅಭ್ಯಾಸ ಮಾಡುವಾಗ ಪಿಯಾನೊದ ಪೀಠವನ್ನು ಎತ್ತರಿಸಲು ಅದರ ನಾನೂರು ಪುಟಗಳು ಅನುಕೂಲವಾಗಿರುವುದರಿಂದಲೂ ಕಳಿಸಲಾರೆ ಎಂಬುದು ಅದರ ತಾತ್ಪರ್ಯ. ಮೊಶ್ಕೊವ್‌ಸ್ಕಿ ಚತುರೋಕ್ತಿಗೆ ಹೆಸರಾದವನು. ಆದರೆ ವಿನೋದದ ಮಾತನ್ನು ಚರಿತ್ರೆ ಸಾಕ್ಷಿಯ ಹೇಳಿಕೆಯಂತೆ ದಾಖಲಿಸಿಕೊಂಡಿತು. ಕೃತಿ ಕಳೆದುಹೋಗಿದೆ ಎಂದೂ, ಹೋದರೆ ನಷ್ಟವೇನಿಲ್ಲ ಎಂದೂ ನಂಬಲಾಯಿತು. ಹಸ್ತಪ್ರತಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿತ್ತು. 2008ರ ಸುಮಾರಿಗೆ ಅದು ಬೆಳಕಿಗೆ ಬಂದು, 2013ರಲ್ಲಿ ಅಚ್ಚಾಗಿ, ಮರುವರ್ಷ ಬಲ್ಗೇರಿಯದ ಲ್ಯುದ್ಮಿಲ್ ಆಂಗೆಲೊವ್‌ನಿಂದ ವೇದಿಕೆ ಕಂಡಿತು. ಅದೂ ಈಗ ಮೇಲೆ ಹೇಳಿದ ಮಾಲಿಕೆಯಲ್ಲಿ ದೊರೆಯುತ್ತದೆ. ನಾಲ್ಕು ಚಲನಗಳ, ಸುಮಾರು ಒಂದು ಗಂಟೆಯ ಹತ್ತಿರ ಹತ್ತಿರ ಸಾಗುವ ಈ ರಚನೆ ಉದ್ದವಾಯಿತು ಎಂಬುದನ್ನು ಒಪ್ಪುತ್ತೇನೆ, ಪೀಠದ ಕೆಳಗಿಡುವಂಥದ್ದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಉಳಿತಾಯವನ್ನೆಲ್ಲ ಕಳೆದುಕೊಂಡ ಮೊಶ್ಕೊವ್‌ಸ್ಕಿ ಪ್ಯಾರಿಸ್ಸಿನಲ್ಲಿ ಬಡತನದಲ್ಲಿ ತೀರಿಕೊಂಡನು. ಆತನ ನೆರವಿಗಾಗಿ 1924ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗೀ ಸಭಾಂಗಣದಲ್ಲಿ ಹಲವು ಶ್ರೇಷ್ಠ ವಾದಕರು ಒಟ್ಟಾಗಿ ನುಡಿಸಿದ್ದರು. ಜೀವನದ ಕೊನೆಯಲ್ಲೂ ಅವನು ವಾದಕರಿಗೆ ಅಪರಿಚಿತನಾಗಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಗ್ರಂಥಾಲಯಗಳ ಸೂಚೀಕಾರರಿಗೆ ಈ ಪ್ರಕರಣ ವಿಶೇಷವಾಗಿ ಸಂಬಂಧಿಸಿದೆ. ಕಳೆದುಹೋದದ್ದು ಎಂದು ಹೇಳುವ ಕೃತಿಗಳಲ್ಲಿ ಕೆಲವಾದರೂ ಕಳೆದಿರುವುದು ಕಪಾಟಿನಿಂದಲ್ಲ, ನಮ್ಮ ಗಮನದಿಂದ.

ನಿಜವಾಗಿ ಕಳೆದುಹೋದವೂ ಇವೆಯೆಂಬುದನ್ನು ಇಲ್ಲಿಯೇ ಹೇಳಬೇಕು. 1944ರ ದಂಗೆಯನ್ನು ಅಡಗಿಸಿದ ಮೇಲೆ ಜರ್ಮನ್ ಸೇನೆ ವಾರ್ಸಾದ ಕ್ರಾಸಿನ್‌ಸ್ಕಿ ಗ್ರಂಥಾಲಯಕ್ಕೆ ಬೆಂಕಿಯಿಟ್ಟಿತು. ಅಲ್ಲಿ ಸಂಗ್ರಹಿಸಿಟ್ಟಿದ್ದ ಹಸ್ತಪ್ರತಿಗಳು ಬೂದಿಯಾದವು. ಪೋಲಿಷ್ ಸಂಗೀತದ ವಿಷಯದಲ್ಲಿ ಉಪೇಕ್ಷೆಯನ್ನು ಅಭಿರುಚಿಯ ತೀರ್ಪೆಂದು ಬರೆಯುವವರು ಈ ಬೆಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ.

ಇತರ ಕೆಲವರು

ಜಾಝಿತ್‌ಸ್ಕಿಯ (1834–1895) ಎ ಫ್ಲಾಟ್ ಮೇಜರ್ ಕನ್ಚೆರ್ಟೊದಲ್ಲಿ ಇರುವುದು ಎರಡೇ ಚಲನಗಳು. ಮಧುರವಾದ ಕೃತಿ, ಆದರೆ ಅರ್ಧಕ್ಕೆ ಎದ್ದುಹೋದಂತೆ ಭಾಸವಾಗುತ್ತದೆ. ವಾರ್ಸಾ ಸಂಗೀತ ಸಂಘವನ್ನು ಕಟ್ಟಿದವರಲ್ಲಿ ಒಬ್ಬನಾಗಿ ಅವನ ಕೆಲಸ ಇದಕ್ಕಿಂತ ದೊಡ್ಡದು. ಝೆಲೆನ್‌ಸ್ಕಿ (1837–1921) ಅರವತ್ತು ದಾಟಿದ ಮೇಲೆ, 1903ರಲ್ಲಿ, ಇ ಫ್ಲಾಟ್ ಮೇಜರ್ ಕನ್ಚೆರ್ಟೊವನ್ನು ಬರೆದು ಇಗ್ನಾಟ್ಸ್ ಫ್ರೀಡ್‌ಮನ್‌ಗೆ ಅರ್ಪಿಸಿದನು. ಇವರಿಬ್ಬರ ಕೃತಿಗಳು 2013ರಲ್ಲಿ ಜಾನಥನ್ ಪ್ಲೌರೈಟ್‌ನ ವಾದನದಲ್ಲಿ ಒಟ್ಟಾಗಿ ಬಂದಿವೆ. ಮೆಲ್ತ್ಸೆರ್ (1869–1928) ತನ್ನ ಇ ಮೈನರ್ ಕನ್ಚೆರ್ಟೊಗಾಗಿ 1895ರ ಆಂಟನ್ ರೂಬಿನ್‌ಸ್ಟೈನ್ ಸ್ಪರ್ಧೆಯಲ್ಲಿ ರಚನೆಯ ಬಹುಮಾನ ಪಡೆದನು. ಶೊಪೆನ್‌ನ ಇ ಮೈನರ್ ಕೃತಿಯ ಜೊತೆಗೆ ಇದನ್ನು ಇರಿಸಬೇಕೆಂದು ಸಲಹೆ ಮಾಡುವವರಿದ್ದಾರೆ. ಶ್ರುತಿಯೊಂದು ಸಮಾನ ಎಂಬುದನ್ನು ಬಿಟ್ಟರೆ ಈ ಜೋಡಿಗೆ ಆಧಾರವಿಲ್ಲ. ಮೆಲ್ತ್ಸೆರ್ ಲಿಸ್ಟ್‌ನ ಅನಂತರದ ಲೋಕದವನು. ಅವನನ್ನು 1830ರ ಪಕ್ಕದಲ್ಲಿ ನಿಲ್ಲಿಸಿದರೆ ಅತಿಯಾಗಿ ಗದ್ದಲ ಮಾಡುವವನಂತೆ ಕಾಣುತ್ತಾನೆ. ಜೋಡಣೆಯ ಹಾನಿ ಎಂದು ಮೊದಲಿಗೆ ಹೇಳಿದುದು ಇದನ್ನೇ.

ಸ್ತೊಯೊವ್‌ಸ್ಕಿಯ (1870–1946) ವಿಷಯ ಬೇರೆ. ಆತನು ಪಾದೆರೆವ್‌ಸ್ಕಿಯ ಶಿಷ್ಯ, ಮಿತ್ರ. ಪ್ಯಾರಿಸ್ಸಿನಲ್ಲಿ ಬೆಳೆದು ಮುಂದೆ ನ್ಯೂಯಾರ್ಕಿನಲ್ಲಿ ನೆಲೆಸಿದನು. ‘ಮುನ್ನುಡಿ, ಸ್ಕೆರ್ಟ್ಸೊ ಮತ್ತು ರೂಪಾಂತರಗಳು’ ಎಂಬ ವಿನ್ಯಾಸವುಳ್ಳ ಆತನ ಎರಡನೆಯ ಕನ್ಚೆರ್ಟೊ ಪಾದೆರೆವ್‌ಸ್ಕಿಗೆ ಅರ್ಪಿತವಾದುದು. 1916ರಲ್ಲಿ ಗುರುವೇ ಅದನ್ನು ನ್ಯೂಯಾರ್ಕಿನಲ್ಲಿ ನುಡಿಸಿದನು. ಗುರುವಿನ ಎ ಮೈನರ್ ಕೃತಿಯನ್ನೂ ಶಿಷ್ಯನ ಈ ಕೃತಿಯನ್ನೂ ಒಟ್ಟಿಗೆ ಕೇಳುವ ಜೋಡಿಯನ್ನು ಇನ್ನೂ ಯಾರಾದರೂ ಗಂಭೀರವಾಗಿ ಕೈಗೆತ್ತಿಕೊಳ್ಳಬೇಕಾಗಿದೆ. ಇಪ್ಪತ್ತು ವರ್ಷಗಳಲ್ಲಿ ಪ್ರಕಾರವು ಎಷ್ಟು ಬದಲಾಯಿತು ಎಂಬುದನ್ನು ಒಂದೇ ಮನೆಯೊಳಗೆ ನೋಡಲು ಅದರಿಂದ ಸಾಧ್ಯ.

ಪೋಷಣೆ ಮತ್ತು ಸ್ಪರ್ಧೆ

ಪಿಯಾನೊಗಾಗಿ ಮಾತ್ರ ಬರೆದ ಕೃತಿಯನ್ನು ಒಬ್ಬ ಆಸಕ್ತ ತನ್ನ ಕೋಣೆಯಲ್ಲಿ ಬದುಕಿಸಬಲ್ಲ. ಕನ್ಚೆರ್ಟೊಗೆ ಅರವತ್ತು ಎಪ್ಪತ್ತು ಮಂದಿ ವಾದಕರು, ಪ್ರತಿಯೊಬ್ಬರ ಮುಂದೆ ಪ್ರತ್ಯೇಕ ಸ್ವರಲಿಪಿ, ತಾಲೀಮಿನ ಗಂಟೆಗಳು, ಇವಕ್ಕೆಲ್ಲ ಹಣ ಬೇಕು. ಆದುದರಿಂದ ಉಪೇಕ್ಷಿತ ಕನ್ಚೆರ್ಟೊದ ಪುನರುಜ್ಜೀವನವು ಅಭಿರುಚಿಯಷ್ಟೇ ಪೋಷಣೆಯ ಪ್ರಶ್ನೆಯೂ ಹೌದು. ಇದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. ಪೋಲಿಷನಲ್ಲದಿದ್ದರೂ ಇದೇ ಬಗೆಯ ಉಪೇಕ್ಷೆಗೆ ಒಳಗಾಗಿ ಲಂಡನ್ನಿನಲ್ಲಿ ವೃದ್ಧಾಪ್ಯವನ್ನು ಕಳೆಯುತ್ತಿದ್ದ ರಷ್ಯದ ನಿಕೊಲಾಯ್ ಮೆಟ್ನರ್‌ನ ಮೂರು ಪಿಯಾನೊ ಕನ್ಚೆರ್ಟೊಗಳನ್ನು 1940ರ ದಶಕದ ಉತ್ತರಾರ್ಧದಲ್ಲಿ ರಚನಕಾರನ ಸ್ವಂತ ವಾದನದಲ್ಲಿಯೇ ಧ್ವನಿಮುದ್ರಿಸಲು ಹಣ ಒದಗಿಸಿದವರು ಮೈಸೂರಿನ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರ್. ಮೆಟ್ನರ್ ತನ್ನ ಮೂರನೆಯ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ್ದಾನೆ. ಆ ಧ್ವನಿಮುದ್ರಣಗಳು ಇಲ್ಲದಿದ್ದರೆ ಮೆಟ್ನರ್ ತನ್ನ ಕನ್ಚೆರ್ಟೊಗಳನ್ನು ಹೇಗೆ ನುಡಿಸುತ್ತಿದ್ದನೆಂಬುದು ನಮಗೆ ತಿಳಿಯುತ್ತಿರಲಿಲ್ಲ. ಪೋಲಿಷ್ ರಚನಕಾರರಲ್ಲಿ ಹೆಚ್ಚಿನವರಿಗೆ ಇಂಥ ಪೋಷಕರು ದೊರೆಯಲಿಲ್ಲ. ಪಾದೆರೆವ್‌ಸ್ಕಿ ಕೂಡ ತನ್ನ ಕನ್ಚೆರ್ಟೊವನ್ನು ಧ್ವನಿಮುದ್ರಿಸದೆಯೇ ತೀರಿಕೊಂಡನು.

ಶೊಪೆನ್‌ನ ಕೃತಿಗಳಿಗೆ ಈಗ ಒಂದು ಸ್ಥಾಯೀ ವ್ಯವಸ್ಥೆಯೇ ಇದೆ. 1927ರಲ್ಲಿ ವಾರ್ಸಾದಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಶೊಪೆನ್ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಸ್ಪರ್ಧಿಗಳು ಈ ಎರಡರಲ್ಲಿ ಒಂದು ಕನ್ಚೆರ್ಟೊವನ್ನು ನುಡಿಸಬೇಕು. ಐದೈದು ವರ್ಷಕ್ಕೊಮ್ಮೆ ಯುವವಾದಕರ ಒಂದು ಇಡೀ ತಲೆಮಾರು ಇವನ್ನು ಕಲಿಯುತ್ತದೆ. ಇಲ್ಲಿಯೂ ಒಂದು ಸೂಕ್ಷ್ಮವಿದೆ. 1985ರಿಂದ 2021ರವರೆಗೆ ಪ್ರಥಮ ಬಹುಮಾನ ಪಡೆದವರೆಲ್ಲರೂ ಆರಿಸಿಕೊಂಡದ್ದು ಇ ಮೈನರ್ ಕೃತಿಯನ್ನು. ಎಫ್ ಮೈನರ್ ಕೃತಿಯೊಂದಿಗೆ ಗೆದ್ದವನನ್ನು ಕಾಣಲು 1980ರಿಂದ 2025ರವರೆಗೆ ಕಾಯಬೇಕಾಯಿತು. ಮೊದಲೇ ಬರೆದು ಎರಡನೆಯ ಸಂಖ್ಯೆ ಪಡೆದ, ಮಾತು ಕಲಿತ ಪಿಯಾನೊದ ಆ ಕೃತಿ ತನ್ನ ಜೊತೆಗಾರನ ಪಕ್ಕದಲ್ಲಿ ಬಹುಕಾಲ ಕಿರಿಯದಾಗಿಯೇ ಉಳಿಯಿತು. ಶೊಪೆನ್‌ನ ಹೆಸರಿನಲ್ಲಿ 2001ರಲ್ಲಿ ಸ್ಥಾಪಿತವಾದ ಪೋಲೆಂಡಿನ ರಾಷ್ಟ್ರೀಯ ಸಂಸ್ಥೆಯು 2005ರಿಂದ ನಡೆಸುತ್ತಿರುವ ‘ಶೊಪೆನ್ ಮತ್ತು ಅವನ ಯೂರೋಪ್’ ಉತ್ಸವದಲ್ಲಿ ಆತನ ಸಮಕಾಲೀನರ ಮರೆತ ಕೃತಿಗಳನ್ನೂ ಕೇಳಿಸುತ್ತಿದೆ ಎಂಬುದು ಸಮಾಧಾನದ ಸಂಗತಿ.

ಹೀಗೆ ನೋಡಿದರೆ ಶೊಪೆನ್‌ನೊಳಗೇ ಒಂದು ಉಪೇಕ್ಷಿತ ಕನ್ಚೆರ್ಟೊ ಇದೆ. ವಾರ್ಸಾವನ್ನು ಬಿಟ್ಟ ಮೇಲೆ ಆತನು ಮೂರನೆಯದೊಂದನ್ನು ಬರೆಯಲು ತೊಡಗಿದ್ದನೆಂದೂ, ಅದರ ಮೊದಲ ಚಲನದ ಸಾಮಗ್ರಿಯೇ 1841ರಲ್ಲಿ ಒಂಟಿ ಪಿಯಾನೊಗಾಗಿ ಪ್ರಕಟವಾದ ‘ಅಲೆಗ್ರೊ ದ ಕೊನ್ಸೆರ್’ ಎಂಬ ನಲವತ್ತಾರನೆಯ ಕೃತಿಸಂಖ್ಯೆಯ ರಚನೆ ಎಂದೂ ವಿದ್ವಾಂಸರು ಭಾವಿಸುತ್ತಾರೆ. ಅದರ ಪುಟಗಳಲ್ಲಿ ವಾದ್ಯವೃಂದ ನುಡಿಸಬೇಕಾಗಿದ್ದ ಭಾಗ ಯಾವುದು, ಪಿಯಾನೊ ಒಳಬರುವ ಸ್ಥಳ ಯಾವುದು ಎಂಬುದನ್ನು ಕಣ್ಣಿನಿಂದಲೇ ಗುರುತಿಸಬಹುದು. ಶೊಪೆನ್‌ನ ಅತಿ ಕಠಿಣವಾದ ರಚನೆಗಳಲ್ಲಿ ಒಂದಾದುದರಿಂದಲೋ, ವಾದ್ಯವೃಂದವಿಲ್ಲದ ಕನ್ಚೆರ್ಟೊವನ್ನು ಎಲ್ಲಿ ಇರಿಸಬೇಕೆಂದು ತಿಳಿಯದುದರಿಂದಲೋ ವಾದಕರು ಅದನ್ನು ವಿರಳವಾಗಿ ಮುಟ್ಟುತ್ತಾರೆ. ಜರ್ಮನಿಯ ಜಾನ್ ಲೂಯಿ ನಿಕೊಡೆ ಅದಕ್ಕೆ ವಾದ್ಯವೃಂದದ ಭಾಗವನ್ನು ಬರೆದುಕೊಟ್ಟನು. ಹದಿನೇಳರ ದೊಬ್ಜಿನ್‌ಸ್ಕಿ ಬರೆದು ಮುಗಿಸಿದ ಕನ್ಚೆರ್ಟೊದ ಪಕ್ಕದಲ್ಲಿ ಇರಿಸಿ ಕೇಳಲು, ಶೊಪೆನ್ ಮುಗಿಸದೆ ಬಿಟ್ಟ ಈ ಕನ್ಚೆರ್ಟೊವೂ ತಕ್ಕದ್ದೇ.